ಜಾಲಿ ಚೆಕ್ಕಿಯ ಆಯಿ

ಆಯಿಯ ಬಲಗೈ ಹೆಬ್ಬೆರಳು ಮಸಿಯಲ್ಲಿ ಅದ್ದಿ ತೆಗೆದಂತೆ ಕಪ್ಪಗಿತ್ತು. ಉಗುರಷ್ಟೇ ಅಲ್ಲ, ಬೆರಳಿನ ಗೆರೆಗಳಲ್ಲಿಯೂ ಆ ಕಪ್ಪು ಇಳಿದಿತ್ತು. ಸಾಬೂನು ಹಚ್ಚಿ ಕಲ್ಲಿಗೆ ತಿಕ್ಕಿದರೂ ಹೋಗುತ್ತಿರಲಿಲ್ಲ. ಮೊದಲ ಸಲ ನೋಡಿದಾಗ ಬಾಗಿಲ ಸಂದಿಗೆ ಸಿಕ್ಕು ರಕ್ತ ಹೆಪ್ಪುಗಟ್ಟಿರಬೇಕು ಅಂದುಕೊಂಡಿದ್ದೆ. ಸಂಗತಿ ಬೇರೆಯೇ ಇತ್ತು. ಮರದ ತೊಗಟೆಯಲ್ಲಿ ಒಂದು ಒಗರು ಇರುತ್ತದೆ, ಅದು ಕಬ್ಬಿಣದ ಕುಡುಗೋಲಿಗೆ ತಾಗಿದರೆ ಕರ್ರಗಾಗುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ತೊಗಟೆಯ ಸಾರಕ್ಕೆ ಕಬ್ಬಿಣದ ಲವಣದ ಎರಡು ಹನಿ ಹಾಕಿ, ಕಪ್ಪಾದರೆ 'ಒಗರು ಇದೆ' ಎಂದು ಬರೆದುಕೊಳ್ಳುತ್ತೇವೆ. ಆಯಿ ಆ ಪರೀಕ್ಷೆಯನ್ನು ತಮ್ಮ ಹೆಬ್ಬೆರಳಿನ ಮೇಲೆ ನಲವತ್ತು ವರ್ಷ ಮಾಡಿದ್ದರು. ಬರೆದುಕೊಂಡಿರಲಿಲ್ಲ, ಅಷ್ಟೇ.

ಆಯಿ ಅಂದರೆ ನಮ್ಮ ಕಡೆ ಅಜ್ಜಿ. ಆದರೆ ಅವರು ನನ್ನ ಅಜ್ಜಿಯಲ್ಲ, ದೂರದ ಸಂಬಂಧವೂ ಇಲ್ಲ. ಹಳೇ ಹುಬ್ಬಳ್ಳಿಯಲ್ಲಿ, ಎರಡು ಸೈಕಲ್ಲು ಎದುರಾದರೆ ಒಬ್ಬರು ಇಳಿಯಲೇಬೇಕಾದಂಥ ಒಂದು ಓಣಿಯಲ್ಲಿ, ಮನೆಯ ಮುಂದಿನ ಕಟ್ಟೆಯ ಮೇಲೆ ಬೇರು, ತೊಗಟೆ, ಅಂಟು ಇಟ್ಟುಕೊಂಡು ಮಾರುತ್ತಿದ್ದರು. ಮೂರು ಚೀಲ, ಏಳೆಂಟು ಡಬ್ಬಿ, ಒಂದು ತಕ್ಕಡಿ. ಬೋರ್ಡು ಇರಲಿಲ್ಲ. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು. ಓಣಿಯಲ್ಲಿ ಯಾವ ದೇವರಿಗೆ ಕೈ ಮುಗಿಯುವವರಿಗೂ ಅವರು ಆಯಿಯೇ. ತೊಗಟೆಗೆ ಅವರು ಚೆಕ್ಕಿ ಅನ್ನುತ್ತಿದ್ದರು, ಹಾಗಾಗಿ ಗುರುತು ಹೇಳುವಾಗ ಜನ 'ಚೆಕ್ಕಿ ಆಯಿ' ಅನ್ನುವುದಿತ್ತು. ಹೆರಿಗೆಯಾದ ಮನೆಯವರು ಅಂಟಿನುಂಡಿ ಕಟ್ಟಲು ಜಾಲಿ ಅಂಟು ಬೇಕೆಂದರೆ ಧಾರವಾಡದಿಂದಲೂ ಅಲ್ಲಿಗೇ ಬರುತ್ತಿದ್ದರು.

ಬಂದವರಿಗೆ ಕೇಳಿದ್ದು ಕೊಟ್ಟು ಕಳಿಸುವ ಪೈಕಿ ಅಲ್ಲ ಅವರು. ಮೊದಲು ವಿಚಾರಣೆ. ಒಮ್ಮೆ ನಾನು ಕೂತಿದ್ದಾಗಲೇ ಒಬ್ಬ ಬಂದು, ಸಕ್ಕರೆ ಕಾಯಿಲೆಗೆ ಯಾವ ಚೆಕ್ಕಿ ಚಲೋ ಎಂದು ಕೇಳಿದ.

"ಯಾರಿಗೆ?"

"ನಮ್ಮ ಅಪ್ಪಾರಿಗ್ರಿ."

"ಡಾಕ್ಟರ್ ಏನಂದ್ರು?"

"ಡಾಕ್ಟರ್ ಕಡೆ ಹೋಗಿಲ್ರಿ ಆಯಿ. ಅದಕ್ಕ ಅಲ್ಲೇನ್ರಿ ನಿಮ್ಮ ಕಡೆ ಬಂದಿದ್ದು?"

"ಹಂಗಾದ್ರ ಮೊದಲ ಅಲ್ಲಿಗೆ ಹೋಗಿ ಬಾ. ನಾ ಡಾಕ್ಟರ್ ಅಲ್ಲಪಾ, ಗಿಡದ ದಲಾಲಿ. ಗಿಡ ಕೊಟ್ಟಿದ್ದು ನಿಮಗ ಮುಟ್ಟಸ್ತೇನಿ, ಅಷ್ಟ ನನ್ನ ಕೆಲಸ."

ಹತ್ತಿ, ಮೆಣಸಿನಕಾಯಿ ಪೇಟೆಯ ಊರಿನವರಿಗೆ ದಲಾಲಿ ಅಂದರೆ ಯಾರೆಂದು ಹೇಳಬೇಕಾಗಿಲ್ಲ. ಆತ ಗೊಣಗುತ್ತ ಹೋದ. ಆಯಿ ನನ್ನ ಕಡೆ ತಿರುಗಿ, "ಬೈದ್ನೇನು?" ಎಂದು ಕೇಳಿದರು. ಬೈದ ಎಂದೆ. "ಬೈಲಿ ಬಿಡು, ಅಪ್ಪ ಉಳಕೊಂಡ್ರ ಸಾಕು," ಎಂದು ಅಂಟು ಆರಿಸುವ ಕೆಲಸಕ್ಕೆ ಕೂತರು.

ನಾನು ಅವರ ಕಟ್ಟೆ ಹತ್ತಿದ್ದು ಧಾರವಾಡದಲ್ಲಿ ಪಿಎಚ್.ಡಿ.ಗೆ ಸೇರಿದ ವರ್ಷ. ಮರಗಳ ತೊಗಟೆಯ ಸಾರ ತೆಗೆದು, ಅದು ರೋಗ ತರುವ ಬ್ಯಾಕ್ಟೀರಿಯಾವನ್ನು ತಡೆಯುತ್ತದೋ ಇಲ್ಲವೋ, ದೇಹದಲ್ಲಿ ತುಕ್ಕು ಹಿಡಿಸುವಂಥ ಕ್ರಿಯೆಯನ್ನು ತಡೆಯುವ ಆಂಟಿಆಕ್ಸಿಡೆಂಟ್ ಗುಣ ಅದಕ್ಕೆಷ್ಟಿದೆ ಎಂದು ನೋಡುವುದು ನನ್ನ ವಿಷಯ. ನಮ್ಮ ಭಾಗದ ಮರವೇ ಆಗಲಿ ಎಂದು ಸರ್ ಕರಿಜಾಲಿಯನ್ನು ಸೂಚಿಸಿದರು. ಸರ್ ಅಂದರೆ ನನ್ನ ಮಾರ್ಗದರ್ಶಕರು, ಮಾತು ಕಡಿಮೆ, ಕನ್ನಡಕದ ಮೇಲಿಂದ ನೋಡಿದರೇ ಎದುರಿಗಿದ್ದವರ ಬಾಯಿ ಒಣಗಬೇಕು. "ಒಳ್ಳೆ ಚೆಕ್ಕಿ ಬೇಕಂದ್ರ ಹಳೇ ಹುಬ್ಬಳ್ಳಿ ಆಯಿ ಕಡೆ ಹೋಗು, ನಿಮ್ಮ ಅತ್ತಿಗಿ ಬಾಣಂತನಕ್ಕ ಅಂಟು ತಂದಿದ್ದು ಅಲ್ಲೇ," ಎಂದು ನನ್ನ ಅವ್ವ ದಾರಿ ಹೇಳಿದಳು.

ವಿಚಾರಣೆ ನನಗೂ ತಪ್ಪಲಿಲ್ಲ. ಯಾರಿಗೆ ಎಂದು ಕೇಳಿದರು. ಯಾರಿಗೂ ಅಲ್ಲ, ಪರೀಕ್ಷೆ ಮಾಡುವುದಕ್ಕೆ ಎಂದೆ. ಆಯಿಗೆ ನಗು ಬಂತು.

"ನಮ್ಮ ಚೆಕ್ಕಿಗೆ ಪರೀಕ್ಷಾ? ಪಾಸಾದ್ರ ಏನು ಕೊಡ್ತೀ ಅದಕ್ಕ?"

"ಅದು ಪಾಸಾದ್ರ ನಾ ಡಾಕ್ಟರ್ ಆಗ್ತೇನ್ರಿ ಆಯಿ. ಸೂಜಿ ಚುಚ್ಚೋ ಡಾಕ್ಟರ್ ಅಲ್ಲ, ಓದಿದ ಡಾಕ್ಟರ್."

"ಹಂಗಾದ್ರ ದೊಡ್ಡ ಕೆಲಸ ಐತಿ ಇದು. ಎಂಟು ದಿನ ಬಿಟ್ಟು ಬಾ ತಂಗಿ. ಮನಿಗೆ ಇಟಗೊಂಡಿದ್ದ ಚೆಕ್ಕಿ ಕೊಡ್ತೇನಿ."

ಎಂಟು ದಿನಗಳ ಮೇಲೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಗಂಟು ಕೊಟ್ಟರು. ಕೊಡುವಾಗ ಎರಡೂ ಕೈಯಿಂದ ಕೊಟ್ಟರು, ಉಡಿ ತುಂಬುವವರ ಹಾಗೆ. ಒಂದು ಕಸವಿಲ್ಲ, ಹುಳುವಿಲ್ಲ, ಮಣ್ಣಿಲ್ಲ. ತಂದ ತೊಗಟೆಯನ್ನು ಮೊದಲು ಶುದ್ಧ ನೀರಿನಲ್ಲಿ ತೊಳೆಯಬೇಕು ಎಂಬುದು ನಮ್ಮಲ್ಲಿ ಮೊದಲ ಪಾಠ. ನಾನು ಇಷ್ಟು ಚೊಕ್ಕಟ ಇದ್ದದ್ದನ್ನು ಏನು ತೊಳೆಯುವುದು ಎಂದು ನೇರವಾಗಿ ಪುಡಿ ಮಾಡಿದೆ. ಬಟ್ಟೆ ಬಿಚ್ಚಿದಾಗ ಒಂದು ಪರಿಚಿತ ವಾಸನೆ ಬಂದಿತ್ತು. ಅಂಗಡಿಯ ವಾಸನೆ ಅಂದುಕೊಂಡೆ. ಅವಸರದವಳಿಗೆ ಮೂಗಿದ್ದೂ ಉಪಯೋಗವಿಲ್ಲ.

ಫಲಿತಾಂಶ ಬಂತು ನೋಡಿ. ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆಯಲ್ಲಿ ಒಂದು ಸಣ್ಣ ಗುಣಿ ಮಾಡಿ ಸಾರ ಹಾಕುತ್ತೇವೆ. ಸಾರಕ್ಕೆ ಗುಣವಿದ್ದರೆ ಗುಣಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ದುಂಡಗೆ ಬಯಲಾಗುತ್ತದೆ. ನನ್ನ ತಟ್ಟೆಯಲ್ಲಿ ಎಂಟಾಣೆ ನಾಣ್ಯದಷ್ಟು ಬಯಲು. ಇನ್ನೊಂದು ಪರೀಕ್ಷೆಯಲ್ಲಿ ನೇರಳೆ ಬಣ್ಣದ ದ್ರಾವಣ ಇರುತ್ತದೆ, ಆಂಟಿಆಕ್ಸಿಡೆಂಟ್ ಗುಣ ಇದ್ದಷ್ಟೂ ಅದರ ಬಣ್ಣ ಬಿಡುತ್ತದೆ. ಅದೂ ನೋಡನೋಡುತ್ತ ಹಳದಿಗೆ ತಿರುಗಿತು. ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಏಪ್ರಿಲ್‌ನಲ್ಲಿ ಒಂದು ಸಮ್ಮೇಳನವಿತ್ತು, ಅದಕ್ಕೆ ಸಾರಾಂಶ ಬರೆದು ಕಳಿಸು ಎಂದರು. ಕಳಿಸಿದೆ, ಒಪ್ಪಿದರು. ನಮ್ಮ ಮನೆಯಲ್ಲಿ ಅವ್ವ ಆಗಲೇ ನನ್ನ ಹೆಸರಿನ ಹಿಂದೆ ಡಾಕ್ಟರ್ ಹಚ್ಚಿ ಕರೆಯಲು ಸುರುಮಾಡಿದ್ದಳು. ನಾನು ತಟ್ಟೆಯ ಫೋಟೋ ತೆಗೆದು ಮೊಬೈಲ್‌ನಲ್ಲಿ ಆಯಿಗೆ ತೋರಿಸಿ ಬಂದೆ. "ಈ ಬಯಲು ಕಾಣ್ತದಲ್ರಿ, ಅಲ್ಲಿದ್ದ ಹುಳಾ ಎಲ್ಲಾ ಸತ್ತಾವ್ರಿ," ಎಂದೆ. ಆಯಿ ಫೋಟೋವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ಓಣಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದರು.

ಒಂದೇ ಸಲ ಬಂದರೆ ಅದು ಫಲಿತಾಂಶವಲ್ಲ, ಮತ್ತೆ ಮಾಡಿದರೂ ಬರಬೇಕು. ಸಂಕ್ರಮಣದ ಹೊತ್ತಿಗೆ ಆಯಿಯಿಂದ ಎರಡನೆಯ ಗಂಟು ತಂದು ಮತ್ತೆ ಮಾಡಿದೆ. ಬಯಲು ಅರ್ಧಕ್ಕರ್ಧ ಸಣ್ಣದಾಯಿತು. ಇನ್ನೊಮ್ಮೆ ಮಾಡಿದೆ, ಅಷ್ಟೇ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕರೆಂಟು ಹೋದದ್ದಕ್ಕೆ ಬೈದೆ, ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕದ ಜೂನಿಯರ್‌ಗಳಿಗೆ ಬೈದೆ, ಸಾರ ತೆಗೆಯುವ ಮೀಥನಾಲ್ ಬಾಟಲಿಗೂ ಬೈದೆ. ಎರಡು ತಿಂಗಳು ಹೀಗೇ ಹೋಯಿತು. ಕೊನೆಗೊಂದು ದಿನ ಎರಡೂ ಗಂಟಿನ ಸಾರವನ್ನು ಒಂದು ಹಾಳೆಯ ಮೇಲೆ ಪಕ್ಕಪಕ್ಕಕ್ಕೆ ಚುಕ್ಕೆ ಇಟ್ಟು, ಒಳಗಿನ ವಸ್ತುಗಳು ಬೇರೆಬೇರೆಯಾಗುವಂತೆ ಹರಿಸಿ, ನೇರಳಾತೀತ ದೀಪದ ಕೆಳಗೆ ಹಿಡಿದೆ. ಮೊದಲ ಗಂಟಿನ ಸಾಲಿನಲ್ಲಿ ಒಂದು ಚುಕ್ಕೆ ಹೊಳೆಯುವ ಹಳದಿ. ಎರಡನೆಯದರಲ್ಲಿ ಅದು ಇರಲೇ ಇಲ್ಲ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆ ಹೋದೆ. ಎರಡೂ ಗಂಟು ಒಂದೇ ಗಿಡದ್ದೇನು ಎಂದು ಕೇಳಿದೆ.

"ಒಂದ ಗಿಡದ್ದು, ಒಂದ ದಿನ ತಗದಿದ್ದು. ಯಾಕ?"

"ಮತ್ತ ಮೊದಲನೇದ್ದು ಬ್ಯಾರೆ ಯಾಕ ಐತ್ರಿ?"

"ಅದಕ್ಕ ಅರಿಷಿಣ ಹಚ್ಚಿದ್ದೆನಲ್ಲ," ಎಂದರು ಆಯಿ, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಒಂದು ದಿನ ಅರಿಷಿಣ ನೀರಾಗ ನೆನಸಿ ಒಣಗಿಸಿ ಕೊಟ್ಟೇನಿ. ದೊಡ್ಡ ಕೆಲಸ ಅಂದಿ, ಮೊದಲನೇದ್ದು ಬರೇ ಹಂಗ ಕೊಡ್ತಾರೇನು? ಹೊಸಾ ಸೀರಿ ಉಡಬೇಕಾದ್ರ ಸೆರಗಿಗೆ ಅರಿಷಿಣ ಹಚ್ಚೂದಿಲ್ಲೇನು ನೀವು?"

ಹಚ್ಚುತ್ತೇವೆ. ನಮ್ಮ ಮನೆಯಲ್ಲಿಯೂ ಹೊಸ ಬಟ್ಟೆಯ ತುದಿಗೆ ಅರಿಷಿಣ ಮುಟ್ಟಿಸದೆ ಮೈಮೇಲೆ ಹಾಕಿಕೊಳ್ಳಗೊಡುವುದಿಲ್ಲ. ಆದರೆ ಅದು ನನಗೆ ಆಗ ನೆನಪಾಗಲಿಲ್ಲ. ಅರಿಷಿಣ ಸ್ವತಃ ಬ್ಯಾಕ್ಟೀರಿಯಾ ತಡೆಯುವಂಥದ್ದು, ಆಂಟಿಆಕ್ಸಿಡೆಂಟ್ ಅಂತೂ ಹೌದೇ ಹೌದು. ನಾನು ಜಾಲಿಯದೆಂದು ಊರೆಲ್ಲ ಸಾರಿದ ಗುಣದಲ್ಲಿ ಜಾಲಿಯದೆಷ್ಟು, ಅರಿಷಿಣದ್ದೆಷ್ಟು, ದೇವರಿಗೇ ಗೊತ್ತು.

"ಯಾರು ಹಚ್ಚು ಅಂದಿದ್ರಿ ನಿಮಗ? ನನ್ನ ಒಂದು ವರ್ಷ ನೀರಾಗ ಹೋತು. ನಿಮ್ಮ ಶಾಸ್ತ್ರಕ್ಕಿಷ್ಟು ಬೆಂಕಿ ಹಾಕ," ಎಂದೆ. ಎಪ್ಪತ್ತರ ಹತ್ತಿರದ ಹೆಣ್ಣುಮಗಳಿಗೆ, ಅವರದೇ ಕಟ್ಟೆಯ ಮೇಲೆ ನಿಂತು ಹೀಗೆಂದೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಆಯಿ ತಿರುಗಿ ಬೈಯಲಿಲ್ಲ. ಕಪ್ಪು ಹೆಬ್ಬೆರಳಿನಿಂದ ತಕ್ಕಡಿಯ ಅಂಚನ್ನು ತಿಕ್ಕುತ್ತ ಕೇಳಿದರು: "ಹಂಗಾದ್ರ ಹುಳಾ ಕೊಂದಿದ್ದು ಅರಿಷಿಣೋ, ನನ್ನ ಚೆಕ್ಕಿಯೋ?"

ಗೊತ್ತಿಲ್ಲ ಎಂದು ಹೇಳಿ ಹೊರಟು ಬಂದೆ.

ಬಸ್ಸು ಧಾರವಾಡ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದು ಆ ಜಾಗದಲ್ಲಿ ಬೇರೊಂದು ವಿಚಾರ ಬಂದು ಕೂತಿತ್ತು. ಈ ಸಂಗತಿ ಗೊತ್ತಿರುವವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬರು ಕಟ್ಟೆ ಬಿಟ್ಟು ಏಳದವರು. ಎರಡನೆಯ ಗಂಟು ಕೆಟ್ಟಿತ್ತು ಎಂದು ಹೇಳಿ ಮೊದಲನೆಯದರ ಅಂಕಿಗಳನ್ನೇ ಇಟ್ಟುಕೊಂಡರೆ ಕೇಳುವವರು ಯಾರು? ಸಮ್ಮೇಳನಕ್ಕೆ ಹದಿನೈದು ದಿನ ಉಳಿದಿತ್ತು. ನಾನು ಹಾಗೆ ಮಾಡುವುದೆಂದೇ ನಿರ್ಧರಿಸಿದೆ. ಮುಚ್ಚಿಡುವುದು ಕಷ್ಟವೇನೂ ಇರಲಿಲ್ಲ. ಆ ಚುಕ್ಕೆಗಳ ಹಾಳೆಯನ್ನು ಡ್ರಾಯರಿನ ತಳದಲ್ಲಿ ಹಾಕಿ, ಮೇಲೆ ಟಿಶ್ಯೂ ಕಾಗದದ ಪೆಟ್ಟಿಗೆ ಇಟ್ಟೆ. ಅವತ್ತು ಊಟವೂ ಸರಿಯಾಗಿಯೇ ಸೇರಿತು.

ಎರಡು ದಿನ ಬಿಟ್ಟು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಮ್ಮ ವಿಭಾಗದ ಸಿಪಾಯಿ ಬಂದು, ನಿಮ್ಮ ಅಜ್ಜಿ ಬಂದಾರ್ರಿ, ಸರ್ ಖೋಲಿಯೊಳಗ ಕೂತಾರ ಎಂದ. ನನ್ನ ಅಜ್ಜಿಯರಿಬ್ಬರೂ ತೀರಿಹೋಗಿ ಬಹಳ ವರ್ಷವಾಗಿತ್ತು. ಹೋಗಿ ನೋಡಿದರೆ ಆಯಿ. ಪಕ್ಕದಲ್ಲಿ ಅವರ ಮಗಳು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಬಂದು, ಗೇಟಿನಲ್ಲಿ ಕೇಳಿ, ಮೆಟ್ಟಿಲು ಹತ್ತಿ ಬಂದಿದ್ದರು. ಖುರ್ಚಿಯ ತುದಿಯಲ್ಲಿ ಕೂತಿದ್ದರು. ಸರ್ ಮೇಜಿನ ಮೇಲೆ ಎರಡು ಕಾಗದದ ಪೊಟ್ಟಣ.

"ಇದು ನಾ ಹಚ್ಚಿದ ಅರಿಷಿಣರಿ ಸರ್. ಇದು ಅದ ಗಿಡದ ಚೆಕ್ಕಿ, ಇದಕ್ಕ ಹಚ್ಚಿಲ್ಲ. ಎರಡನ್ನೂ ಬ್ಯಾರೆ ಬ್ಯಾರೆ ತಪಾಸ ಮಾಡ್ರಿ, ಯಾವುದು ಎಷ್ಟು ಅಂತ ಗೊತ್ತಾಗತೈತಿ. ತಪ್ಪು ನಂದರಿ, ಹುಡುಗಿದಲ್ಲ. ಹಚ್ಚಿದ್ದು ತಪ್ಪಲ್ಲ, ಹೇಳದ ಕೊಟ್ಟಿದ್ದು ತಪ್ಪು."

ಸರ್ ಪೊಟ್ಟಣಗಳನ್ನು ನೋಡಿದರು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ನಿನಗ ಗೊತ್ತಿತ್ತೇನು ಇದು?"

"ಮೊನ್ನೆ ಗೊತ್ತಾತ್ರಿ ಸರ್."

"ಮೊನ್ನೆ ಗೊತ್ತಾಗೇದ. ಇವತ್ತಿನ ತನಕಾ ನನ್ನ ಮುಂದ ಯಾಕ ಹೇಳಿಲ್ಲ?"

ಆಯಿ ನಡುವೆ ಬಾಯಿ ಹಾಕಿದರು. "ಇವತ್ತ ಹೇಳಾಕ್ಕಿ ಇದ್ದಳ್ರಿ. ನಾನ ಬಂದು ಹೇಳ್ತೇನಿ ತಡಿ ಅಂದಿದ್ದೆ."

ನನಗೆ ತಿಳಿದಂತೆ ಆಯಿ ಹೇಳಿದ ಸುಳ್ಳು ಅದೊಂದೇ. ಸರ್ ಅದನ್ನು ನಂಬಿದರೋ ಇಲ್ಲವೋ, ಮತ್ತೆ ಕೇಳಲಿಲ್ಲ. ಸಿಪಾಯಿಗೆ ಚಹಾ ತರಲು ಹೇಳಿದರು. ಆಯಿ ಹೋದ ಮೇಲೆ ಆ ಎರಡು ಪೊಟ್ಟಣಗಳನ್ನು ನನ್ನ ಕಡೆ ಸರಿಸಿ, "ಇದನ್ನ ಮೊದಲನೇ ದಿನಾನ ನಾವು ಮಾಡಬೇಕಾಗಿತ್ತು ನೋಡು. ನೀನೂ ಮಾಡಲಿಲ್ಲ, ನಾನೂ ಕೇಳಲಿಲ್ಲ," ಎಂದರು. ಸಮ್ಮೇಳನಕ್ಕೆ ಪ್ರಬಂಧ ಹಿಂತೆಗೆದುಕೊಂಡಿದ್ದೇವೆ ಎಂದು ಅವತ್ತೇ ಪತ್ರ ಬರೆಸಿದರು.

ನಾನು ಆಯಿಯನ್ನು ಬಸ್ ಸ್ಟಾಪಿನ ತನಕ ಕಳಿಸಲು ಹೋಗಿದ್ದೆ. ಸೆರಗು ಸರಿಮಾಡಿಕೊಳ್ಳುತ್ತ, ಮುಖ ನೋಡದೆ ಅಂದರು: "ನೀ ಹೇಳತಿದ್ದಿಲ್ಲ. ಮೊನ್ನೆ ಕಟ್ಟಿ ಇಳಿಯೂ ಮುಂದನ ನಿನ್ನ ಮಾರಿ ಮ್ಯಾಲ ಬರದಿತ್ತು." ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು ಕಾಣಿಸಿತು. "ಇರಲಿ, ಅಳಬ್ಯಾಡ. ಬಸ್ ಬಂತು," ಎಂದು ಹತ್ತಿಬಿಟ್ಟರು. ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ.

ಇನ್ನು ಎಲ್ಲ ಮೊದಲಿಂದ ಮಾಡಬೇಕು, ಅದಕ್ಕೆ ಹೊಸ ತೊಗಟೆ ಬೇಕು. ಯುಗಾದಿಯ ಮಾರನೆಯ ದಿನವೇ ಹೋಗಿ ಕೇಳಿದೆ. ಆಯಿ ಆಗುವುದಿಲ್ಲ ಎಂದರು. ಗಿಡ ಚಿಗುರಲು ಹತ್ತಿದೆ, ಈಗ ತೆಗೆದರೆ ಗಿಡಕ್ಕೂ ತ್ರಾಸ, ಚೆಕ್ಕಿಗೂ ಗುಣವಿಲ್ಲ, ಶೀಗಿ ಹುಣ್ಣಿಮೆ ಆಗಲಿ ಎಂದರು. ದಸರೆಯಾದ ಮೇಲೆ ಬರುವ ಆ ಹುಣ್ಣಿಮೆಗೆ ಏಳು ತಿಂಗಳಿತ್ತು. ಬೇಡಿಕೊಂಡೆ, ಮುನಿಸಿಕೊಂಡೆ. ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ ಎಂದು ಹೆದರಿಸಿದೆ.

"ಸಿಗತೈತಿ, ಯಾರು ಇಲ್ಲಂದ್ರು? ತಗೊಳ್ಳೂ ಮುಂದ, ಇದು ಯಾವ ಊರಿಂದು, ಯಾವಾಗ ತಗದಿದ್ದು, ಏನು ಹಚ್ಚೀರಿ ಅಂತ ಅವಂಗ ಒಂದ ಮಾತು ಕೇಳು."

ಹೋಗಿ ಕೇಳಿದೆ. ಆ ಅಂಗಡಿಯವನು, "ಚೆಕ್ಕಿ ಬೇಕೇನ್ರಿ, ಅದರ ಜಾತಕ ಬೇಕೇನ್ರಿ?" ಎಂದ. ಬರಿಗೈಯಲ್ಲಿ ತಿರುಗಿ ಬಂದೆ, ಏಳು ತಿಂಗಳು ಕಾದೆ.

ಶೀಗಿ ಹುಣ್ಣಿಮೆಯಾದ ವಾರಕ್ಕೆ ಆಯಿ ನನ್ನನ್ನು ತಮ್ಮ ತವರಿನ ಹೊಲಕ್ಕೆ ಕರೆದುಕೊಂಡು ಹೋದರು. ಹುಬ್ಬಳ್ಳಿಯಿಂದ ಅರ್ಧ ತಾಸಿನ ದಾರಿ. ಎರಿ ಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆ ಎತ್ತುವುದೇ ಕಷ್ಟವಾಗಿ, ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಬದುವಿನ ಮೇಲೆ ಮೂರು ಜಾಲಿ ಗಿಡ. ಆಯಿ ಅವಕ್ಕೆ ಹೆಸರಿಟ್ಟಿದ್ದರು: ದೊಡ್ಡ ಜಾಲಿ, ಸಣ್ಣ ಜಾಲಿ, ಕುಂಟ ಜಾಲಿ. ಉಗುರಿನಿಂದ ಕೆರೆದು ಮೂಸಿ ನೋಡಿ, ಅಂಗೈಯಗಲದ ಒಂದು ಪಟ್ಟಿಯನ್ನು ಉದ್ದಕ್ಕೆ ಮಾತ್ರ ಬಿಡಿಸಿದರು. "ಸುತ್ತ ತಗೀಬಾರದು ನೋಡು. ಗಿಡಕ್ಕ ಬಳಿ ತೊಡಿಸಿದ್ರ ಗಿಡ ಸಾಯತೈತಿ," ಎಂದರು. ಬಿಡಿಸಿದ ಜಾಗಕ್ಕೆ ಕೆಮ್ಮಣ್ಣು, ಸೆಗಣಿ ಕಲಸಿ ಮೆತ್ತಿದರು. ಹಿಂದಿನ ವರ್ಷದ ಗಾಯಗಳನ್ನೂ ತೋರಿಸಿದರು. ಅಂಚಿನಿಂದ ಹೊಸ ತೊಗಟೆ ಒಳಕ್ಕೆ ಬಂದು ಗಾಯ ಅರ್ಧ ಮುಚ್ಚಿತ್ತು. ನಾನು ಮೂರು ಗಿಡದ್ದನ್ನೂ ಬೇರೆಬೇರೆ ಕಟ್ಟಿ, ಯಾವ ಗಿಡ, ಯಾವ ಮಗ್ಗಲು, ಯಾವ ದಿನ ಎಂದು ಚೀಟಿ ಬರೆದು ಹಾಕಿದೆ. ಆಯಿ ಓದಲು ಬಾರದಿದ್ದರೂ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಅರಿಷಿಣ ಹಚ್ಚಿಲ್ಲ ಅಂತನೂ ಬರಿ," ಎಂದರು. ತಮಾಷೆಗೆ ಅಂದರೋ ಏನೋ, ನಾನು ಬರೆದೆ.

ಈ ಸಲ ಬಂದದ್ದು ಸಾಧಾರಣ ಫಲಿತಾಂಶ. ಆಂಟಿಆಕ್ಸಿಡೆಂಟ್ ಗುಣ ಚೆನ್ನಾಗಿಯೇ ಇತ್ತು. ಬ್ಯಾಕ್ಟೀರಿಯಾದ ಪರೀಕ್ಷೆಯಲ್ಲಿ ಒಂದು ಜಾತಿಯ ಸುತ್ತ ಸಣ್ಣ ಬಯಲು, ಇನ್ನೊಂದು ಜಾತಿ ಕ್ಯಾರೇ ಅನ್ನಲಿಲ್ಲ. ಆದರೆ ಮೂರು ಗಿಡದ್ದೂ ಒಂದೇ ಬಗೆ ಬಂತು, ಎಷ್ಟು ಸಲ ಮಾಡಿದರೂ ಅಷ್ಟೇ ಬಂತು. ಫೋಟೋ ತೋರಿಸಿದೆ. ಆಯಿ ಬಯಲಿನ ಮೇಲೆ ಹೆಬ್ಬೆರಳು ಇಟ್ಟು ಅಳೆದರು.

"ಇಷ್ಟನ?"

"ಇಷ್ಟರಿ ಆಯಿ."

"ಇಷ್ಟಿದ್ರ ಇಷ್ಟ. ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ರಂತ. ಒದೀಲಿ, ಹೇಳು."

ಯಾರೂ ಒದೆಯಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪ್ರೊಫೆಸರು, ಫಲಿತಾಂಶ ದೊಡ್ಡದೇನಲ್ಲ, ಆದರೆ ಇದನ್ನು ನಂಬಬಹುದು ಎಂದರು. ನನಗೆ ಧಾರವಾಡದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಆಯಿಗೆ ಇಳಕಲ್ ಸೀರೆ ಒಯ್ದೆ. ಸೆರಗಿನ ತುದಿಗೆ ಅರಿಷಿಣ ಹಚ್ಚಿಯೇ ಕೊಟ್ಟಿದ್ದೆ. ಅದನ್ನು ನೋಡಿ ಅವರು ಬಹಳ ಹೊತ್ತು ನಕ್ಕರು.

ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಮಗಳು ಫೋನ್ ಮಾಡಿದಳು. "ಅಕ್ಕಾರ, ನೀವು ಲಗೂ ಬರ್ರಿ. ಅವ್ವನ ಕಾಲಿಗೆ ಹುಣ್ಣಾಗೇತಿ, ವಾಸನಿ ಬರಾಕತ್ತೈತಿ. ಸಕ್ಕರಿ ಐತಂತ ಗೊತ್ತಿದ್ರೂ ದವಾಖಾನಿಗೆ ಬರವೊಲ್ಲಳು. ಜಾಲಿ ಚೆಕ್ಕಿ ಕುದಿಸಿ ತೊಳಕೋತ ಕುಂತಾಳ. ನನ್ನ ಚೆಕ್ಕಿ ಯುನಿವರ್ಸಿಟ್ಯಾಗ ಪಾಸಾಗೈತಿ ಅಂತಾಳ."

ಬಂದವರನ್ನೆಲ್ಲ ಡಾಕ್ಟರ್ ಏನಂದ್ರು ಎಂದು ಕೇಳಿ ಓಡಿಸುತ್ತಿದ್ದ ಹೆಣ್ಣುಮಗಳು, ತನ್ನ ಕಾಲಿಗೆ ಬಂದಾಗ ನನ್ನ ಮೊಬೈಲ್‌ನ ಫೋಟೋ ನಂಬಿಕೊಂಡು ಕೂತಿದ್ದಳು. 'ಹುಳಾ ಎಲ್ಲಾ ಸತ್ತಾವ್ರಿ' ಎಂದವಳು ನಾನೇ.

ಹೋದೆ. ಕಾಲು ನೋಡಿದೆ. ಎರಡು ಬೆರಳು ಕಪ್ಪಾಗಿದ್ದವು, ಆ ಕಪ್ಪು ತೊಗಟೆಯದಾಗಿರಲಿಲ್ಲ. ಪಕ್ಕದಲ್ಲಿ ಬೋಗುಣಿಯಲ್ಲಿ ಕೆಂಪಗಿನ ಕಷಾಯ.

"ಬಾ ತಂಗಿ. ನೀನ ಹೇಳು ಇಕಿಗೆ. ನಮ್ಮ ಚೆಕ್ಕಿ ಪಾಸಾಗೈತಿಲ್ಲೋ?"

"ಪಾಸಾಗೈತ್ರಿ ಆಯಿ, ಖರೇ. ಮೂವತ್ತೈದು ಮಾರ್ಕ್ಸ್ ತಗೊಂಡು ಪಾಸಾಗೈತಿ. ಅದೂ ಗಾಜಿನ ತಟ್ಟ್ಯಾಗ. ಅಲ್ಲಿ ನಾ ಸಾಕಿದ ಹುಳಾ ಇದ್ದವು, ರಕ್ತ ಇರಲಿಲ್ಲ, ಸಕ್ಕರಿ ಇರಲಿಲ್ಲ. ನಿಮ್ಮ ಕಾಲಾಗಿನ ಹುಳಾ ಒಳಗ ಇಳದಾವ್ರಿ. ಅಲ್ಲಿಗೆ ಈ ಚೆಕ್ಕಿ ಮುಟ್ಟಂಗಿಲ್ಲ. ಅವತ್ತ ನಾ ಫೋಟೋ ತೋರಿಸಿದೆ, ಇದನ್ನ ಹೇಳಲಿಲ್ಲ. ತಪ್ಪು ನಂದು."

ಆಯಿ ಬೋಗುಣಿಯನ್ನು ನೋಡಿದರು. ನನ್ನನ್ನು ನೋಡಿದರು. ನನ್ನ ಮುಖದ ಮೇಲೆ ಏನು ಬರೆದಿದೆ ಎಂದು ಓದುತ್ತಿದ್ದಾರೆ ಅನಿಸಿತು.

"ಇದ್ದದ್ದು ಇದ್ದಂಗ ಹೇಳಾಕತ್ತೀಯೇನು?"

"ಹೌದ್ರಿ."

"ಮತ್ತ ರಿಕ್ಷಾ ಕರೀರಿ," ಎಂದರು.

ಸತ್ತೂರಿನ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಮೊಣಕಾಲಿನ ತನಕ ತೆಗೆಯಬೇಕಿತ್ತು ಎಂದು ಡಾಕ್ಟರು ಹೇಳಿದರು. ಆಯಿ ಅಲ್ಲಿಯೂ ಸುಮ್ಮನಿರಲಿಲ್ಲ. ಇಂಜೆಕ್ಷನ್ ಕೊಡಲು ಬಂದ ನರ್ಸಿಗೆ, ಇದು ಯಾವ ಗಿಡದ್ದು ಎಂದು ಕೇಳುತ್ತಿದ್ದರು. ಮನೆಗೆ ಬಂದ ಮೇಲೆ ಕಾಲು ಚಾಚಿ ಕಟ್ಟೆಯ ಮೇಲೆ ಕೂತು ಮತ್ತೆ ಅಂಗಡಿ ಸುರುಮಾಡಿದರು. ವಿಚಾರಣೆ ಮೊದಲಿಗಿಂತ ಜೋರಾಯಿತು. ಡಾಕ್ಟರ್ ಕಡೆ ಹೋಗುವುದಿಲ್ಲ ಎಂದವರಿಗೆ ಬೆರಳಿಲ್ಲದ ಪಾದವನ್ನು ತೋರಿಸಿಬಿಡುತ್ತಿದ್ದರು.

ಹೋದ ವರ್ಷ ಮಳೆಗಾಲದಲ್ಲಿ ಆಯಿ ತೀರಿಕೊಂಡರು. ಹೃದಯದ ತೊಂದರೆ. ಹೆಚ್ಚು ನರಳಲಿಲ್ಲ, ಬೆಳಿಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವರು ಹಾಗೇ ಹೋದರು. ನಾನು ಮುಟ್ಟುವಷ್ಟರಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದ್ದರು. ಕೈಗಳು ತೊಡೆಯ ಮೇಲಿದ್ದವು. ಮೈಯೆಲ್ಲ ತೊಳೆದಿದ್ದರೂ ಹೆಬ್ಬೆರಳಿನ ಕಪ್ಪು ಹಾಗೇ ಇತ್ತು. ನನಗೆ ತಡೆಯಲಾಗಲಿಲ್ಲ, ಆ ಬೆರಳು ಹಿಡಿದುಕೊಂಡು ಅತ್ತೆ. ನನ್ನ ಸ್ವಂತ ಅಜ್ಜಿಯರು ಹೋದಾಗ ಅಷ್ಟು ಅತ್ತ ನೆನಪಿಲ್ಲ.

ಅದಕ್ಕೂ ಮೊದಲು, ಚಳಿಗಾಲದಲ್ಲಿ, ಒಂದು ಮಾತು ಹೇಳಿದ್ದೆ. ನನ್ನ ಕೈಕೆಳಗೆ ಒಬ್ಬ ಹುಡುಗಿ ಪಿಎಚ್.ಡಿ.ಗೆ ಸೇರುವವಳಿದ್ದಾಳೆ, ನಾನು ಗೈಡ್ ಆಗುವುದು ಇದೇ ಮೊದಲು, ಅವಳಿಗೂ ಜಾಲಿಯನ್ನೇ ಕೊಡಬೇಕೆಂದಿದ್ದೇನೆ ಎಂದು. ಆಯಿ ಹೂಂ ಅಂದಿದ್ದರು, ಅಷ್ಟೇ. ಅವರು ಹೋಗಿ ತಿಂಗಳಾದ ಮೇಲೆ ಮಗಳು ನಮ್ಮ ಕಾಲೇಜಿಗೆ ಬಂದು ಒಂದು ಬಿಳಿ ಬಟ್ಟೆಯ ಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟಳು. ಅಲಮಾರಿಯಲ್ಲಿ ಇತ್ತಂತೆ, ಹೊಸಾ ಹುಡುಗಿ ಸಾಲಿಗೆ ಸೇರಿದ ಮೇಲೆ ಕೊಡು ಎಂದು ಹೇಳಿದ್ದರಂತೆ.

ಚೀಲದೊಳಗೆ ಬಿಗಿಯಾಗಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಕವರು, ಅದರೊಳಗೆ ತೊಗಟೆ. ಜೊತೆಗೊಂದು ನೋಟ್‌ಬುಕ್ಕಿನ ಹಾಳೆ. ಆಯಿ ಹೇಳಿ ಮಗಳಿಂದ ಬರೆಸಿದ್ದು: "ಸಣ್ಣ ಜಾಲಿ. ಉತ್ತರದ ಮಗ್ಗಲ. ಎಳ್ಳಮಾಸಿ ಹಿಂದಿನ ದಿನ ತಗದದ್ದು. ನೆಳ್ಳಾಗ ಒಣಗಿಸಿದ್ದು. ಚೆಕ್ಕಿಗೆ ಅರಿಷಿಣ ಹಚ್ಚಿಲ್ಲ."

ಹಾಳೆ ಓದಿ ಮುಗಿಸಿ ಚೀಲವನ್ನು ಮಡಚಿಡಲು ಕೈಗೆತ್ತಿಕೊಂಡೆ. ಹೊರಗಡೆ, ಬಟ್ಟೆಯ ಒಂದು ಮೂಲೆಯಲ್ಲಿ, ಹೆಬ್ಬೆರಳಿನಷ್ಟು ಅಗಲದ ಅರಿಷಿಣದ ಗುರುತು ಇತ್ತು.